ಓದುಗರ ಪ್ರಶ್ನೆ: ಚೆಂಗೀಸ್ ಖಾನನ ರಕ್ತ, ಮಂಚು ಚಕ್ರವರ್ತಿಯ ಮುದ್ರೆ

ಪ್ರಶ್ನೆ: ಚೀನಾದ ಚಿಂಗ್ ಸಾಮ್ರಾಜ್ಯದ ಕಾಲದಲ್ಲಿಯೂ ಮಂಗೋಲಿಯಾವನ್ನು ಚೆಂಗೀಸ್ ಖಾನನ ವಂಶಜರೇ ಆಳುತ್ತಿದ್ದರೆಂದು ಓದಿದೆ. ಸೋತವರ ಕೈಯಲ್ಲಿ ಗೆದ್ದವರು ಅಧಿಕಾರ ಉಳಿಸಿದ್ದೇಕೆ? ಅವರು ಜಹಗೀರುದಾರರಂತಿದ್ದರೇ? (ಓದುಗರೊಬ್ಬರು, ಧಾರವಾಡ)

ಉತ್ತರ: ‘ಸೋತವರು’ ಎಂಬ ಮಾತು ಎಲ್ಲರಿಗೂ ಸಲ್ಲುವುದಿಲ್ಲ. ಚಿಂಗ್ ಸಾಮ್ರಾಜ್ಯವನ್ನು ಕಟ್ಟಿದ ಮಂಚುಗಳು 1644ರಲ್ಲಿ ಬೀಜಿಂಗ್ ಪ್ರವೇಶಿಸುವುದಕ್ಕೆ ಮೊದಲೇ ಖೋರ್ಚಿನ್ ಮಂಗೋಲರು ಅವರ ಮಿತ್ರರೂ ಬೀಗರೂ ಆಗಿದ್ದರು. ಶುಂಝಿ ಚಕ್ರವರ್ತಿಯ ತಾಯಿ ಶಿಯಾವ್‌ಝುವಾಂಗ್ ಖೋರ್ಚಿನ್ ಕುಲೀನರ ಮಗಳು. ಮಂಚುಗಳನ್ನು ಎದುರಿಸಿ ನಿಂತವನು ಚಾಖರ್ ಮಂಗೋಲರ ಲಿಗ್ದನ್ ಖಾನ್. ಅವನು 1634ರಲ್ಲಿ ತೀರಿಕೊಂಡ ಮೇಲೆ ಅವನ ಮಗ ಶರಣಾದನು, ಮತ್ತು 1636ರಲ್ಲಿ ದಕ್ಷಿಣದ ಮಂಗೋಲ್ ಕುಲೀನರು ಮಂಚು ದೊರೆ ಹಾಂಗ್ ತೈಜಿಯನ್ನು ತಮ್ಮ ಖಾನನೆಂದು ಒಪ್ಪಿಕೊಂಡರು. ಉತ್ತರದ ಖಾಲ್ಖಾ ಮಂಗೋಲರು ಬಂದದ್ದು ಇನ್ನೊಂದು ದಾರಿಯಿಂದ. 1688ರಲ್ಲಿ ಪಶ್ಚಿಮದ ಮಂಗೋಲರಾದ ಜುಂಗಾರರ ದೊರೆ ಗಾಲ್ದಾನ್ ತಮ್ಮ ನಾಡಿನ ಮೇಲೆ ಬಿದ್ದಾಗ ಅವರು ದಕ್ಷಿಣಕ್ಕೆ ಓಡಿ ಬಂದು ಆಶ್ರಯ ಬೇಡಿದರು. 1691ರಲ್ಲಿ ದೋಲೋನ್ ನೋರ್ ಎಂಬಲ್ಲಿ ಕಾಂಗ್‌ಶಿ ಚಕ್ರವರ್ತಿಯ ಮುಂದೆ ತಲೆಬಾಗಿದರು. ಆ ಸಭೆಯಲ್ಲಿ ‘ಖಾನ್’ ಬಿರುದು ಉಳಿಯಿತು, ಆದರೆ ‘ಜಿನೋಂಗ್’, ‘ನೋಯನ್’ ಮೊದಲಾದ ಹಳೆಯ ಬಿರುದುಗಳು ರದ್ದಾಗಿ ಅವುಗಳ ಜಾಗಕ್ಕೆ ವಾಂಗ್, ಬೈಲೆ, ಬೈಸೆ, ಗೂಂಗ್ ಎಂಬ ಮಂಚು ದರ್ಜೆಗಳು ಬಂದವು.

ಜಹಗೀರಿನ ಹೋಲಿಕೆ ಅರ್ಧ ಮಾತ್ರ ಸರಿ. ಮೊಗಲರ ಜಹಗೀರುದಾರನನ್ನು ಒಂದು ಪ್ರಾಂತದಿಂದ ಇನ್ನೊಂದಕ್ಕೆ ವರ್ಗಾಯಿಸಬಹುದಾಗಿತ್ತು. ‘ಜಸಗ್’ ಎಂಬ ಮಂಗೋಲ್ ಸ್ಥಳೀಯ ಒಡೆಯನ ಅಧಿಕಾರವಾದರೋ ತಂದೆಯಿಂದ ಮಗನಿಗೆ, ಸಾಮಾನ್ಯವಾಗಿ ಪಟ್ಟದ ಹೆಂಡತಿಯ ಹಿರಿಯ ಮಗನಿಗೆ, ಅದೇ ನೆಲದಲ್ಲಿ ಇಳಿದುಬರುತ್ತಿತ್ತು. ಹಾಗಿದ್ದೂ ಆ ಮಗ ಜಸಗ್ ಆಗಬೇಕಾದರೆ ಬೀಜಿಂಗಿನ ಲಿಫಾನ್ ಯುವಾನ್ ಎಂಬ ಕಚೇರಿ ವಂಶಾವಳಿಯನ್ನು ಪರಿಶೀಲಿಸಿ, ಚಕ್ರವರ್ತಿಯ ಒಪ್ಪಿಗೆ ದೊರೆಯಬೇಕಿತ್ತು. ಹುಟ್ಟು ಹಕ್ಕನ್ನು ಕೊಡುತ್ತಿತ್ತು. ಆ ಹಕ್ಕನ್ನು ಚಲಾಯಿಸುವ ಮುದ್ರೆ ಮಾತ್ರ ಬೀಜಿಂಗಿನಿಂದಲೇ ಬರಬೇಕಿತ್ತು.

ಪ್ರಶ್ನೆ: ಜಸಗ್ ಆಡಳಿತವನ್ನು ಹೇಗೆ ನಡೆಸುತ್ತಿದ್ದನು? ಅವನ ಮೇಲೆ ಹತೋಟಿ ಇತ್ತೇ? (ಅದೇ ಓದುಗರು)

ಉತ್ತರ: ಅವನ ಆಡಳಿತದ ಘಟಕಕ್ಕೆ ‘ಖೋಶೂ’ ಎಂದು ಹೆಸರು, ‘ಧ್ವಜ’ ಎಂದು ಅನುವಾದಿಸುವುದು ರೂಢಿ. ಒಳಮಂಗೋಲಿಯಾದಲ್ಲಿ, ಅಂದರೆ ದಕ್ಷಿಣದ ಮಂಗೋಲರ ನಾಡಿನಲ್ಲಿ, 6 ಒಕ್ಕೂಟಗಳಡಿಯಲ್ಲಿ 49 ಖೋಶೂಗಳಿದ್ದವು. ಖಾಲ್ಖಾದ 4 ಐಮಾಗ್‌ಗಳಲ್ಲಿ (ಪ್ರಾಂತಗಳಲ್ಲಿ) ಅವು ಒಡೆಯುತ್ತ ಒಡೆಯುತ್ತ ಕೊನೆಗೆ 86 ಆದವು. ಸಾಮ್ರಾಜ್ಯದ ಜಾಣತನವೆಲ್ಲ ಈ ಒಡೆಯುವಿಕೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಸಾವಿರಾರು ಸವಾರರನ್ನು ಕೂಡಿಸಬಲ್ಲ ಒಬ್ಬ ಖಾನನ ಬದಲು, ಸಣ್ಣ ಸಣ್ಣ ಗಡಿಗಳೊಳಗೆ ಕೂತ ಹತ್ತಾರು ಒಡೆಯರು. ಗಡಿ ದಾಟಿ ಮಂದೆ ಮೇಯಿಸಿದರೆ ಕುಲೀನನೂ ಜಾನುವಾರುಗಳಲ್ಲಿ ದಂಡ ತೆರಬೇಕು. ಋತುವಿಗೊಂದು ಹುಲ್ಲುಗಾವಲನ್ನು ಅರಸಿ ಹೋಗುವ ಜನಕ್ಕೆ ಗಡಿಯೆಂಬುದು ಎಂಥ ಕಟ್ಟು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಖೋಶೂವಿನೊಳಗೆ ಜಸಗ್ ತೆರಿಗೆ ಎತ್ತುತ್ತಿದ್ದನು, ಹುಲ್ಲುಗಾವಲು ಹಂಚುತ್ತಿದ್ದನು, ವ್ಯಾಜ್ಯ ತೀರಿಸುತ್ತಿದ್ದನು. ಆದರೆ ಮರಣದಂಡನೆಯ ತೀರ್ಪು ಬೀಜಿಂಗಿನವರೆಗೂ ಹೋಗಬೇಕಿತ್ತು. ‘ತುಸಲಗ್ಚಿ’ ಎಂಬ ಸಹಾಯಕ ಅವನ ಬಲಗೈ. ಕೆಳಗೆ ‘ಸುಮು’ ಎಂಬ ಘಟಕಗಳು, ಪ್ರತಿಯೊಂದರಲ್ಲೂ ಲೆಕ್ಕಕ್ಕೆ 150 ಸೈನಿಕರು. ಚೆಂಗೀಸನ ಬೋರ್ಜಿಗಿನ್ ಕುಲದ ‘ತೈಜಿ’ ಎಂಬ ಕುಲೀನರು ಬಹಳ ಮಂದಿ ಇದ್ದರೂ ಆಳುವ ಅಧಿಕಾರ ಜಸಗ್‌ಗೆ ಮಾತ್ರ; ಉಳಿದವರಿಗೆ ದರ್ಜೆಯ ಗೌರವವಿತ್ತು. ಚಕ್ರವರ್ತಿ ಬೆಳ್ಳಿ ಮತ್ತು ರೇಷ್ಮೆಯ ವಾರ್ಷಿಕ ವೇತನವನ್ನೂ ಕೊಡುತ್ತಿದ್ದನು: ಮೊದಲ ದರ್ಜೆಯ ವಾಂಗ್‌ಗೆ 2000 ಲಿಯಾಂಗ್ (ಚೀನೀ ತೂಕದ ಅಳತೆ) ಬೆಳ್ಳಿ, ತೈಜಿ ದರ್ಜೆಯ ಜಸಗ್‌ಗೆ 100. ಸರದಿಯ ಪ್ರಕಾರ ಅವರು ಬೀಜಿಂಗಿಗೆ ಹೋಗಿ ಹೊಸವರ್ಷದ ದರ್ಶನ ಪಡೆಯಬೇಕಿತ್ತು. ಸಿಡುಬು ಬಂದು ಹೋಗಿರದ ಕುಲೀನರನ್ನು ಮಾತ್ರ ಬೀಜಿಂಗಿನೊಳಕ್ಕೆ ಕರೆಯದೆ, ಮಹಾಗೋಡೆಯ ಆಚೆ ಚೆಂಗ್ದೆಯ ಬೇಸಿಗೆ ಅರಮನೆಯಲ್ಲಿಯೂ ಬೇಟೆಯ ಬಯಲಿನಲ್ಲಿಯೂ ಕಾಣುತ್ತಿದ್ದರು. ಸ್ಟೆಪ್ಪಿಯವರಿಗೆ ಆ ನಗರದ ಗಾಳಿಯೇ ಮೃತ್ಯುವಾಗಬಹುದಿತ್ತು.

ಇದೆಲ್ಲದರ ಭಾರ ಬಿದ್ದದ್ದು ಸಾಮಾನ್ಯರ ಹೆಗಲ ಮೇಲೆ. ‘ಅಲ್ಬತ್’ ಎನಿಸಿಕೊಂಡ ಪ್ರಜೆಗಳು ಸೇನೆಗೂ, ‘ಒರ್ತೋ’ ಎಂಬ ಕುದುರೆ ಅಂಚೆಯ ಠಾಣೆಗಳಿಗೂ ದುಡಿಯಬೇಕಿತ್ತು. ‘ಖಮ್ಜಿಲ್ಗ’ ಎಂಬ ಇನ್ನೊಂದು ವರ್ಗವು ಕುಲೀನರ ಸ್ವಂತ ಆಳುಗಳಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಒಡೆಯರು ಚೀನೀ ವ್ಯಾಪಾರಿ ಕೋಠಿಗಳಲ್ಲಿ ಮಾಡಿದ ಸಾಲ ಖೋಶೂವಿನ ಸಾಲವೆನಿಸಿ ಪ್ರಜೆಗಳ ಮಂದೆಗಳಿಂದ ವಸೂಲಾಗುತ್ತಿತ್ತು. ಖಾಲ್ಖಾದ ತೊಗ್ತೊಹ್‌ತೋರ್, ಅಂದರೆ ‘ತೋ ವಾಂಗ್’, 1853ರಲ್ಲಿ ಪಶುಪಾಲನೆ ಮತ್ತು ಕಸುಬುಗಳ ಬಗ್ಗೆ ತನ್ನ ಜನರಿಗೆ ಬುದ್ಧಿಮಾತುಗಳನ್ನು ಬರೆಯಿಸಿದ ಸುಧಾರಕ. ಅತಿಯಾದ ವಸೂಲಿಯ ಬಗ್ಗೆ ದೂರು ಕೊಟ್ಟವರು ಅದೇ ಒಡೆಯನ ಪ್ರಜೆಗಳು. ಪ್ರಜೆ ತನ್ನ ಒಡೆಯನ ಮೇಲೆ ಮೇಲಿನ ಅಧಿಕಾರಕ್ಕೆ ದೂರು ಒಯ್ಯಬಹುದಾಗಿದ್ದದ್ದೂ ಈ ವ್ಯವಸ್ಥೆಯ ಒಂದು ಹತೋಟಿಯೇ.

ಪ್ರಶ್ನೆ: ಜಸಗ್ ದಂಗೆಯೆದ್ದರೆ ಏನಾಗುತ್ತಿತ್ತು? (ವಿದ್ಯಾರ್ಥಿಯೊಬ್ಬರು, ಮೈಸೂರು)

ಉತ್ತರ: ಚಾಖರರ ಕಥೆಯೇ ಇದಕ್ಕೆ ಉತ್ತರ. ಲಿಗ್ದನನ ಮೊಮ್ಮಗ ಬುರ್ಣಿ 1675ರಲ್ಲಿ ದಂಗೆಯೆದ್ದು ಸತ್ತನು. ಆ ಮೇಲೆ ಚಾಖರರಿಗೆ ಜಸಗ್ ಎಂಬುದೇ ಉಳಿಯಲಿಲ್ಲ. ಚೆಂಗೀಸನ ನೇರ ವಾರಸುದಾರರ ನಾಡು ನೇಮಿಸಿದ ಅಧಿಕಾರಿಗಳ ಕೈಗೆ ಹೋಯಿತು. ನಿಷ್ಠೆ ತೋರಿದವನಿಗೆ ಒದಗಿದ್ದು ಬೇರೆಯೇ ಗತಿ: ಕಾಂಗ್‌ಶಿಯ ಅಳಿಯ ತ್ಸೆರೆಂಗ್ 1732ರಲ್ಲಿ ಎರ್ದೆನೆ ಜೂ ಎಂಬ ಬೌದ್ಧ ಮಠದ ಬಳಿ ಜುಂಗಾರರನ್ನು ಸೋಲಿಸಿದನು, ಅವನ ಮನೆತನ ಖಾಲ್ಖಾದಲ್ಲಿ ಪ್ರಬಲವಾಯಿತು. ಹಾಗೆಂದು ಭಯ ಎಲ್ಲರನ್ನೂ ತಡೆಯಲಿಲ್ಲ. ಖಾಲ್ಖಾದ ಚಿಂಗುಂಜವ್ 1756ರಲ್ಲಿ ತಿರುಗಿಬಿದ್ದನು, ಮರುವರ್ಷ ಅವನಿಗೆ ಮರಣದಂಡನೆಯಾಯಿತು.

ಪ್ರಶ್ನೆ: ಈ ಮನೆತನಗಳು ಅಧಿಕಾರ ಕಳೆದುಕೊಂಡದ್ದು ಯಾವಾಗ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಎರಡು ಕಡೆ ಎರಡು ರೀತಿ. ಸಾಮ್ರಾಜ್ಯ ತನ್ನ ಕೊನೆಯ ದಶಕದಲ್ಲಿ ಹುಲ್ಲುಗಾವಲಿಗೆ ಚೀನೀ ರೈತರನ್ನು ಕಳುಹಿಸುವ ಹೊಸ ನೀತಿ ಹಿಡಿದಾಗ ಖಾಲ್ಖಾದ ಕುಲೀನರೂ ಲಾಮಾಗಳೂ 1911ರಲ್ಲಿ ರಷ್ಯಾದ ನೆರವು ಕೋರಿ, ಡಿಸೆಂಬರಿನಲ್ಲಿ ಸ್ವಾತಂತ್ರ್ಯ ಸಾರಿ, ತಮ್ಮ ಬೌದ್ಧ ಧರ್ಮಗುರುವನ್ನು ಬೋಗ್ದ್ ಖಾನ್ ಎಂಬ ಬಿರುದಿನಿಂದ ಪಟ್ಟಕ್ಕೇರಿಸಿದರು. 1921ರ ಕ್ರಾಂತಿಯಾದ ಕೆಲವೇ ವರ್ಷಗಳಲ್ಲಿ ಅವರ ವಂಶಪಾರಂಪರ್ಯ ಆಡಳಿತ ಮುಗಿಯಿತು. ಒಳಮಂಗೋಲಿಯಾದಲ್ಲಿ ಚೀನಾ ಗಣರಾಜ್ಯವು 1912ರಲ್ಲಿ ಬಿರುದುಗಳನ್ನು ಉಳಿಸುವ ಭರವಸೆ ನೀಡಿದ್ದರಿಂದ ಜಸಗ್‌ಗಳು 1940ರ ದಶಕದವರೆಗೂ ಬಾಳಿದರು. 1930ರ ದಶಕದಲ್ಲಿ ಸ್ವಾಯತ್ತತೆಗಾಗಿ ಹೋರಾಡಿ ಜಪಾನಿನ ಪಕ್ಕ ಸೇರಿದ ದೆಮ್‌ಚುಗ್‌ದೊಂಗ್ರುಬ್ ‘ಸುನಿದ್ ಬಲ ಖೋಶೂ’ವಿನ ಜಸಗ್ ಆಗಿದ್ದನು. ಆ ಒಡೆತನ ಈಗಿಲ್ಲ. ಆದರೆ ಒಳಮಂಗೋಲಿಯಾದ ಭೂಪಟದಲ್ಲಿ ಇಂದಿಗೂ ಕೌಂಟಿ ಮಟ್ಟದ ಆಡಳಿತ ಘಟಕಗಳಿಗೆ ‘ಖೋಶೂ’ ಎಂಬ ಹೆಸರೇ ಇದೆ, ಸುನಿದ್ ಬಲ ಖೋಶೂ ಕೂಡ ಅವುಗಳಲ್ಲೊಂದು.