‘ನಾಳೆ ಬಾ’ ಅಂದದ್ದು ಕವಿತೆಯಲ್ಲಿ ಎಲ್ಲಿದೆ?

ಪ್ರಿಯರೇ,

ನಿಮ್ಮ ‘ರೊಟ್ಟಿ ಮತ್ತು ಹಳಿ’ ಕವಿತೆ ಓದಿದೆ. ಪತ್ರಿಕೆಯಲ್ಲಿ ಹಾಕಿಕೊಳ್ಳುವುದಿಲ್ಲ. ಸುಮ್ನೆ ಒಂದು ಸಾಲಿನ ವಿಷಾದ ಪತ್ರ ಕಳಿಸಬಹುದಿತ್ತು. ಆದರೆ ಕವಿತೆಯ ಜೊತೆಗಿದ್ದ ನಿಮ್ಮ ಪತ್ರ ಹಾಗೆ ಮಾಡಲು ಬಿಡಲಿಲ್ಲ.

ಮೊದಲು ಕವಿತೆ. 2020ರ ಮೇ 8ರ ಬೆಳಗಿನ ಜಾವ ಮಹಾರಾಷ್ಟ್ರದ ಔರಂಗಾಬಾದ್ ಹತ್ತಿರ ಹಳಿ ಮೇಲೆ ಮಲಗಿದ್ದ 16 ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು. ಚೆಲ್ಲಾಡಿದ್ದ ರೊಟ್ಟಿಗಳ ಫೋಟೊವನ್ನು ಇಡೀ ದೇಶ ನೋಡಿತು. ಆ ರೊಟ್ಟಿ ಮೇಲೆ ಬಂದ ಕವಿತೆಗಳನ್ನು ಎಣಿಸುವುದನ್ನೇ ನಾನು ಬಿಟ್ಟಿದ್ದೇನೆ. ನೀವು ‘ಹಸಿವು ಅವರನ್ನು ಕೊಂದಿತು’ ಅಂತೀರಿ. ಬುತ್ತಿ ಅವರ ಹತ್ತಿರವೇ ಇತ್ತು, ಅದಕ್ಕೇ ಅಲ್ವಾ ರೊಟ್ಟಿ ಅಲ್ಲಿ ಬಿದ್ದಿದ್ದು? ಜಾಲ್ನಾದ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಭೂಸಾವಳಕ್ಕೆ ಹೋದರೆ ಮಧ್ಯಪ್ರದೇಶದ ರೈಲು ಸಿಗಬಹುದೆಂದು ನಡೆದೇ ಹೊರಟಿದ್ದರು. ಲಾಕ್‌ಡೌನ್‌ನಲ್ಲಿ ರೈಲು ಎಲ್ಲಿ ಓಡುತ್ತದೆ ಅಂದುಕೊಂಡು ಮಲಗಿದರು. ಗೂಡ್ಸ್ ಓಡುತ್ತಲೇ ಇತ್ತು. ಆ ಹಳಿ ಮೇಲೆ ಸಾಮಾನಿಗೆ ರೈಲಿತ್ತು, ಅವರಿಗಿರಲಿಲ್ಲ. ನಿಮ್ಮ 42 ಸಾಲಿನಲ್ಲಿ ಇದು ಎಲ್ಲೂ ಇಲ್ಲ. ಬದಲಿಗೆ ಸತ್ತವನೊಬ್ಬ ‘ಓ ತಾಯಿ ಭಾರತಿ’ ಅಂತ ಭಾಷಣ ಮಾಡುತ್ತಾನೆ. ನಡೆದು ನಡೆದು ಸುಸ್ತಾಗಿ ಮಲಗಿದವನ ಬಾಯಿಗೆ ಪ್ರಾಸ ತುರುಕಬೇಡಿ.

ಇನ್ನು ಪತ್ರ. ಆಗ ನೀವು ಬೆಂಗಳೂರಿನಲ್ಲಿದ್ದಿರಿ. ಅದೇ ವಾರ ಎದುರಿನ ಕಟ್ಟಡದ ಶೆಡ್‌ನಲ್ಲಿದ್ದ ಬಿಹಾರದ ಹುಡುಗ ಮೊಬೈಲ್ ಹಿಡಿದು ಬಂದು, ಊರಿಗೆ ಹೋಗಲು ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ತುಂಬಿಕೊಡಿ ಅಂದ. ನೀವು ‘ನಾಳೆ ಬಾ’ ಅಂದಿರಿ. ಎರಡು ದಿನ ಬಿಟ್ಟು ನೋಡಿದರೆ ಶೆಡ್ ಖಾಲಿ. ಇಷ್ಟು ಬರೆದು ‘ಇದು ಇಲ್ಲಿ ಅಪ್ರಸ್ತುತ, ಕ್ಷಮಿಸಿ’ ಅಂತ ಬೇರೆ!

ಅಪ್ರಸ್ತುತ ಹೇಗಾಗುತ್ತದೆ ಮಾರಾಯ್ರೇ? ಬಿಲ್ಡರ್‌ಗಳ ಜೊತೆ ಸಭೆಯಾದ ಮೇಲೆ ನಮ್ಮ ಸರ್ಕಾರ ಕಾರ್ಮಿಕರ ರೈಲುಗಳನ್ನೇ ಬೇಡ ಅಂದದ್ದೂ, ಎಲ್ಲರಿಂದ ಬೈಸಿಕೊಂಡು ಮತ್ತೆ ಒಪ್ಪಿದ್ದೂ ಅದೇ ವಾರ. ಆ ಹುಡುಗನಿಗೆ ರೈಲು ಸಿಕ್ಕಿತೋ, ನಡೆದೇ ಹೋದನೋ ನಿಮಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಬರೆಯಿರಿ. ಅವನ ಹೆಸರೂ ಪತ್ರದಲ್ಲಿಲ್ಲ. ಅರ್ಜಿ ತುಂಬಿದ್ದರೆ ಅದಾದರೂ ಗೊತ್ತಾಗುತ್ತಿತ್ತು. (ದೆವ್ವ ಬಾರದಿರಲಿ ಅಂತ ಬಾಗಿಲ ಮೇಲೆ ‘ನಾಳೆ ಬಾ’ ಬರೆಯುತ್ತಿದ್ದ ಜನ ನಾವು. ಅದನ್ನು ಮಾತ್ರ ಕವಿತೆಗೆ ತರಬೇಡಿ, ಜಾಣತನ ಜಾಸ್ತಿಯಾಗುತ್ತದೆ.)

ಕವಿತೆ ವಾಪಸ್ ಕಳಿಸುತ್ತಿದ್ದೇನೆ. ಪತ್ರ ನನ್ನ ಮೇಜಿನ ಮೇಲೇ ಇದೆ. ನಿಮ್ಮ ಹತ್ತಿರ ಪ್ರತಿ ಇಲ್ಲದಿದ್ದರೆ ಹೇಳಿ, ಜೆರಾಕ್ಸ್ ಮಾಡಿಸಿ ಕಳಿಸುತ್ತೇನೆ.

– ಸಂ.