ಜಂಬ ಅಂತ ಅಂದುಕೊಳ್ಳೋ ಮೊದಲು

ತಮ್ಮಾ, ನೀನು ಕೆಲಸಕ್ಕೆ ಅಂತ ಈ ಹೊರದೇಶಕ್ಕೆ ಬಂದು ಮೂರು ತಿಂಗಳಾಯಿತು ಅಂತ ಬರೆದಿದ್ದೀಯ. ಪಕ್ಕದ ಮೇಜಿನವರು ಕನ್ನಡದವರೇ ಆದರೂ ಮುಖ ಕೊಟ್ಟು ಮಾತಾಡಲ್ಲ, ಎಲ್ಲಿಗೆ ಕರೆದರೂ ಬರಲ್ಲ. "ಇಲ್ಲಿ ನೆಲೆ ನಿಂತ ಮೇಲೆ ಎಲ್ಲರಿಗೂ ಹೀಗೇ ಜಂಬ ಬರುತ್ತಾ ಅಕ್ಕಾ?" ಅಂತ ಕೇಳಿದ್ದೀಯ. ಮನೆ, ಬ್ಯಾಂಕು, ಚಳಿ ಇವೆಲ್ಲ ಆರು ತಿಂಗಳಲ್ಲಿ ತಾನಾಗೇ ಅಭ್ಯಾಸವಾಗುತ್ತೆ. ಈ ಒಂದು ಪ್ರಶ್ನೆಗೆ ಮಾತ್ರ ಉದ್ದಕ್ಕೆ ಉತ್ತರ ಬರೀತೀನಿ, ಯಾಕಂದ್ರೆ ನಾನು ಎಡವಿದ್ದು ಇಲ್ಲೇ.

ನಾನು ಬಂದ ಹೊಸದರಲ್ಲಿ ನಮ್ಮ ತಂಡದಲ್ಲಿ ಒಬ್ಬರಿದ್ದರು. ಸೋಮವಾರ, ಬುಧವಾರ, ಶುಕ್ರವಾರ ಮೂರು ಗಂಟೆ ಹೊಡೆದರೆ ಸಾಕು, ಎದ್ದು ಹೊರಟುಬಿಡೋರು. ಕೆಲಸ ಅರ್ಧಕ್ಕೆ ನಿಂತಿದ್ದರೂ ಅಷ್ಟೇ. ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ. ನೀರು ಕೊಟ್ಟರೂ ಬೇಡ, ಜ್ಯೂಸ್ ಕೊಟ್ಟರೂ ಬೇಡ. "ನಮ್ಮ ಕೈ ನೀರೂ ಆಗಲ್ಲ ಇವರಿಗೆ" ಅಂತ ನಾನೇ ನಾಲ್ಕು ಜನರ ಮುಂದೆ ಆಡಿಕೊಂಡಿದ್ದೆ.

ಒಂದು ದಿನ ಅವರು ಕೈ ತೊಳೆಯೋಕೆ ತೋಳು ಮೇಲಕ್ಕೆ ಸರಿಸಿದ್ದರು. ಮೊಣಕೈ ಕೆಳಗೆ ಹಗ್ಗದ ಹಾಗೆ ಉಬ್ಬಿಕೊಂಡ ನರ, ಅದರ ಮೇಲೆ ಎರಡು ಸಣ್ಣ ಪಟ್ಟಿ. ನಾನು ನೋಡಿದ್ದನ್ನು ಅವರೂ ನೋಡಿದರು. ಡಯಾಲಿಸಿಸ್. ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು 4 ಗಂಟೆ. ಕಿಡ್ನಿ ಕೆಟ್ಟವರ ಮೈಯಲ್ಲಿ ನೀರು ಹಾಗೇ ನಿಂತುಬಿಡುತ್ತೆ, ಅದಕ್ಕೆ ಕುಡಿಯೋ ಒಂದೊಂದು ಗುಟುಕಿಗೂ ಲೆಕ್ಕ. ಬಾಯಾರಿಕೆ ನುಂಗಿಕೊಂಡು ಕೂತವರ ಮುಂದೆ ನಾನು ಲೋಟ ಹಿಡಿದಿದ್ದೆ, ತಗೊಳ್ಳಲಿಲ್ಲ ಅಂತ ಸಿಟ್ಟಾಗಿದ್ದೆ. ಕ್ಷಮಿಸಿ ಅಂದೆ. "ಪರವಾಗಿಲ್ಲಮ್ಮ, ನಿಮಗೆ ಹೇಗೆ ಗೊತ್ತಾಗಬೇಕು" ಅಂದರು. ನಾನು ಆಡಿಕೊಂಡ ಮಾತು ಅವರ ಕಿವಿಗೆ ಬಿದ್ದಿತ್ತು ಅಂತ ಆಗ ತಿಳೀತು.

ಕಾಯಿಲೆ ವಿಷಯ ಅವರು ಮ್ಯಾನೇಜರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಕೆಲಸ ಹೋದರೆ ವೀಸಾನೂ ಹೋಗುತ್ತೆ ಅನ್ನೋ ಭಯ. ಊರಲ್ಲಿದ್ದ ಅಪ್ಪ ಅಮ್ಮನಿಗೂ ಅರ್ಧವಷ್ಟೇ ಗೊತ್ತು.

ಇನ್ನೊಬ್ಬರ ನಡತೆಗೆ ಅವರ ಪರಿಸ್ಥಿತಿ ಬಿಟ್ಟು ಸ್ವಭಾವವನ್ನೇ ಕಾರಣ ಮಾಡೋ ಈ ಚಾಳಿಗೆ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಒಂದು ಹೆಸರೇ ಕೊಟ್ಟರು, 'ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್' ಅಂತ. ಹೊರದೇಶದಲ್ಲಿ ಇದು ಇನ್ನೂ ಸುಲಭ. ಒಬ್ಬರ ಹಿಂದುಮುಂದು ಹೇಳೋಕೆ ನೆಂಟರಿಲ್ಲ, ನೆರೆಯವರಿಲ್ಲ. ಕಾಣೋದು ಮುಖ ಒಂದೇ.

ವಿಮಾನ ನಿಲ್ದಾಣದಲ್ಲಿ ಕೆಲವರ ಕೊರಳಲ್ಲಿ ಸೂರ್ಯಕಾಂತಿ ಹೂವಿನ ಹಸಿರು ಪಟ್ಟಿ ನೋಡಿರಬಹುದು ನೀನು. 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್‌ನಲ್ಲಿ ಶುರುವಾಗಿ ಈಗ ಎಷ್ಟೋ ದೇಶಗಳಿಗೆ ಹೋಗಿದೆ. 'ನನಗೆ ಹೊರಗೆ ಕಾಣದ ತೊಂದರೆ ಇದೆ, ಸ್ವಲ್ಪ ಸಮಯ ಕೊಡಿ' ಅಂತ ಅದರ ಅರ್ಥ. ತುಂಬ ಒಳ್ಳೇ ಏರ್ಪಾಡು. ಆದರೆ ಆಫೀಸಿನಲ್ಲಿ, ಮೆಟ್ಟಿಲ ಮೇಲೆ ಎದುರಾಗೋರು ಯಾರೂ ಪಟ್ಟಿ ಹಾಕಿಕೊಂಡು ಬರಲ್ಲ.

ನಿನ್ನ ಪಕ್ಕದವರಿಗೂ ಏನೋ ಆಗಿದೆ ಅಂತ ನಾನು ಹೇಳ್ತಿಲ್ಲ. ಆಗಿದ್ದರೂ ಕೆದಕಬೇಡ. ಗೊತ್ತಾದ ಮೇಲೇ ಮರುಗಬೇಕು ಅಂತೇನಿಲ್ಲ. ಹಾಗಂತ ನಿನ್ನನ್ನು ಹೀಯಾಳಿಸಿದರೆ ಸುಮ್ಮನಿರಬೇಡ, ಅದು ಬೇರೆ ಮಾತು. ಬೆಳಿಗ್ಗೆ ಒಂದು ನಮಸ್ಕಾರ, ಆಗಾಗ "ಒಂದು ಸುತ್ತು ನಡೆದು ಬರ್ತೀನಿ, ಬರ್ತೀರಾ?" ಇಷ್ಟು ಸಾಕು. ಬರದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ರಾತ್ರಿ ನಿದ್ದೆ ಹತ್ತಲ್ಲ, ಅಮ್ಮನಿಗೆ ಮಾತ್ರ ಚೆನ್ನಾಗಿದ್ದೀನಿ ಅಂತೀನಿ" ಅಂತ. ಅದನ್ನು ನಾನು ಎರಡು ಸಲ ಓದಿದೆ. ನಿನ್ನ ಆಫೀಸಿನಲ್ಲಿ ಇದು ಯಾರಿಗೂ ಗೊತ್ತಿರಲ್ಲ. ಮೂರು ತಿಂಗಳಿಂದ ಹೀಗೇ ಇದ್ದರೆ ಈ ವಾರವೇ ಡಾಕ್ಟರ ಹತ್ತಿರ ಹೋಗು. ಹೋಗಿ ಬಂದು ಏನಂದರು ಅಂತ ನನಗೆ ಬರಿ.