ಮಗಳ ಎರಡನೇ ಅಕೌಂಟ್, ತಾಯಿಯ ಪ್ರಾರ್ಥನೆ: ಒಂದು ಆಪ್ತಸಲಹೆ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಯಾರ ಹೆಸರೂ ಇಲ್ಲ. ಗುರುತು ಸಿಗಬಾರದು ಅಂತ ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಾಯಿ, ಮಗಳು ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಬೇರೆ ಅಮ್ಮಂದಿರೂ ಓದಲಿ ಅಂದವಳು ಮಗಳೇ.

ಕರಾವಳಿಯ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬ. ಅಪ್ಪ ಗಲ್ಫ್‌ನಲ್ಲಿದ್ದಾರೆ. ಅಮ್ಮ ಸ್ಟಾಫ್ ನರ್ಸ್, ನೈಟ್ ಡ್ಯೂಟಿ ತಪ್ಪುವುದಿಲ್ಲ. ಮನೆಯಲ್ಲಿ ಅಜ್ಜಿ ಮತ್ತು 10ನೇ ತರಗತಿ ಓದುವ 15 ವರ್ಷದ ಮಗಳು. ಮನೆಮಾತು ತುಳು, ಚರ್ಚಿನಲ್ಲಿ ಕನ್ನಡ, ಮಗಳ ಇನ್‌ಸ್ಟಾಗ್ರಾಮ್ ಮಾತ್ರ ಪೂರ್ತಿ ಇಂಗ್ಲಿಷ್. ಹುಡುಗಿ ಕ್ವಾಯರ್‌ನಲ್ಲಿ ಹಾಡುತ್ತಾಳೆ, ಚೆನ್ನಾಗಿ ಹಾಡುತ್ತಾಳೆ. ಅವಳ ಅಕೌಂಟ್‌ನಲ್ಲಿ ಇದ್ದದ್ದೂ ಅದೇ, ಕ್ವಾಯರ್ ಫೋಟೋ, ಕ್ರಿಸ್‌ಮಸ್ ಕ್ಯಾರಲ್ಸ್, ಬೈಬಲ್ ವಾಕ್ಯ ಬರೆದ ಪೋಸ್ಟರ್‌ಗಳು. "ನಮ್ಮ ನಂಬಿಕೆಗೆ ಇದು ಒಂದು ಸಾಕ್ಷಿಯಾಗಿರಲಿ" ಅಂತ ಅದನ್ನು ಎಲ್ಲರಿಗೂ ಕಾಣುವ ಹಾಗೆ ಪಬ್ಲಿಕ್ ಇಡಿಸಿದ್ದು ತಾಯಿಯೇ.

ಒಂದು ಭಾನುವಾರ ಆರಾಧನೆ ಮುಗಿದು ಎಲ್ಲರೂ ಹೊರಗೆ ನಿಂತು ಮಾತಾಡುತ್ತಿದ್ದಾಗ ಸ್ತ್ರೀಯರ ಕೂಟದ ಒಬ್ಬರು ಈ ತಾಯಿಯನ್ನು ಪಕ್ಕಕ್ಕೆ ಕರೆದು ಫೋನ್ ತೋರಿಸಿದರು. ಮಗಳು ತನ್ನ ರೂಮಿನಲ್ಲಿ, ಮನೆಯಲ್ಲಿ ಹಾಕುವ ಬಟ್ಟೆಯಲ್ಲೇ, ಸಿನಿಮಾ ಹಾಡೊಂದಕ್ಕೆ ಕುಣಿಯುತ್ತಿದ್ದಾಳೆ. "ಇದು ನಿಮ್ಮ ಮಗಳಲ್ವಾ?" ಅಕೌಂಟ್‌ನ ಹೆಸರೇ ಬೇರೆ. ಮಗಳಿಗೆ ಎರಡನೇ ಅಕೌಂಟ್ ಇದೆ ಅಂತ ತಾಯಿಗೆ ಗೊತ್ತಾದದ್ದು ಹೀಗೆ. ಅದು ಪ್ರೈವೇಟ್ ಅಕೌಂಟ್, ಒಳಗಿದ್ದ ಫ್ರೆಂಡ್ ಒಬ್ಬಳು ಸ್ಕ್ರೀನ್ ರೆಕಾರ್ಡ್ ಮಾಡಿ ಯಾರಿಗೋ ಕಳಿಸಿದ್ದಳು, ಅದು ಕೈಯಿಂದ ಕೈಗೆ ಹೋಗಿ ಚರ್ಚ್ ಅಂಗಳಕ್ಕೆ ಬಂದಿತ್ತು.

ಅವತ್ತು ಸಂಜೆ ಫೋನ್ ಕಪಾಟು ಸೇರಿತು. ಕುಟುಂಬ ಪ್ರಾರ್ಥನೆಗೆ ಎಲ್ಲರೂ ಮೊಣಕಾಲೂರಿದರು, ಅಪ್ಪ ವಿಡಿಯೋ ಕಾಲ್‌ನಲ್ಲಿದ್ದರು. ತಾಯಿ ಗಟ್ಟಿಯಾಗಿ ಪ್ರಾರ್ಥನೆ ಶುರು ಮಾಡಿದರು: ಕರ್ತನೇ, ಈ ಮನೆಗೆ ನಾಚಿಕೆ ತಂದ ಈ ಮಗುವನ್ನು ಕ್ಷಮಿಸು. ಯಾವ ಹಾಡು, ಎಂಥ ಬಟ್ಟೆ, ಯಾರು ನೋಡಿದರು, ಎಲ್ಲವೂ ಆ ಪ್ರಾರ್ಥನೆಯಲ್ಲಿ ಬಂತು. ಮರುದಿನವೂ ಬಂತು. ಅದರ ಮರುದಿನವೂ. ಹುಡುಗಿ ಕ್ವಾಯರ್‌ಗೆ ಹೋಗುವುದು ಬಿಟ್ಟಳು, ಊಟ ಕಡಿಮೆ ಮಾಡಿದಳು, ಪ್ರಿಪರೇಟರಿ ಪರೀಕ್ಷೆಯಲ್ಲಿ ಅರ್ಧ ಪೇಪರ್ ಖಾಲಿ ಬಿಟ್ಟು ಬಂದಳು. ಆಗ ಅವರ ಪಾಸ್ಟರಮ್ಮನೇ "ಇದು ಬರೀ ಹಠ ಅಲ್ಲ, ಯಾರಿಗಾದರೂ ತೋರಿಸಿ" ಅಂದರಂತೆ. ಆ ಹೆಂಗಸಿನ ಮಾತು ಈ ಮನೆಯನ್ನು ಉಳಿಸಿತು ಅಂತಲೇ ನನ್ನ ನಂಬಿಕೆ.

ತಾಯಿ ನನ್ನೆದುರು ಕೂತು ಮೊದಲು ಕೇಳಿದ್ದು, "ಮೇಡಂ, ಫೋನ್ ಪೂರ್ತಿ ತೆಗೆದುಬಿಡುವುದಾ, ಅಥವಾ ಬಟನ್ ಫೋನ್ ಕೊಡುವುದಾ?" ನಾನು ಅದಕ್ಕೆ ಉತ್ತರ ಕೊಡಲಿಲ್ಲ. ನಿಮಗೆ ಜಾಸ್ತಿ ಭಯ ಯಾವುದರದ್ದು ಅಂತ ಕೇಳಿದೆ. ಪಾಪ ಅಂದರು. ಚರ್ಚ್ ಸಭೆಯವರು ಏನಂತಾರೋ ಅಂದರು. ಮುಂದೆ ಮದುವೆ ಮಾತು ಬಂದಾಗ ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಅವಳ ಡ್ಯಾಡಿ ಹೇಳ್ತಾರೆ, ನೀನು ರಾತ್ರಿ ಮನೆಯಲ್ಲಿದ್ದಿದ್ರೆ ಹೀಗಾಗ್ತಿರಲಿಲ್ಲ ಅಂತ" ಅಂದು ಅತ್ತುಬಿಟ್ಟರು. ಪ್ರತಿದಿನ ಸಂಜೆ ಅಷ್ಟು ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದದ್ದು ಗಂಡನ ಕಿವಿಗೂ ಬೀಳಲಿ ಅಂತ ಎಂದು ನನಗೆ ಆಗ ಅರ್ಥವಾಯಿತು. ಅಮ್ಮನ ಡ್ಯೂಟಿಗೂ ಈ ವಿಷಯಕ್ಕೂ ಗಂಟು ಹಾಕಬೇಡಿ ಅಂತ ಅಪ್ಪನ ಹತ್ತಿರ ನಾನೇ ಮಾತಾಡಿದೆ. ಇಷ್ಟು ಜನ ತಾಯಂದಿರು ಆಸ್ಪತ್ರೆಗಳಲ್ಲಿ ರಾತ್ರಿಯೆಲ್ಲಾ ನಿಂತು ದುಡಿಯುತ್ತಾರೆ, ಮಗು ಎಡವಿದ ಕೂಡಲೇ ಬೆರಳು ತೋರಿಸುವುದು ಅವರ ಕಡೆಗೇ. ನನಗಿದು ಸಹಿಸುವುದಿಲ್ಲ.

ಮಗಳ ಜೊತೆ ಒಬ್ಬಳೇ ಕೂತೆ. ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ, ಆದರೆ ನಿನಗೆ ಅಪಾಯ ಇದೆ ಅಂತ ಗೊತ್ತಾದರೆ ಮಾತ್ರ ನಾನು ಸುಮ್ನಿರುವ ಹಾಗಿಲ್ಲ ಅಂತ ಮೊದಲೇ ಹೇಳಿದೆ. ಆಮೇಲೆ ಅವಳು ಹೇಳಿದ ಒಂದು ಮಾತು ಇದು: "ಮಮ್ಮಿ ಬೈದ್ರೆ ನಾನು ಏನಾದ್ರೂ ವಾಪಸ್ ಹೇಳಬಹುದು ಆಂಟಿ. ಪ್ರಾರ್ಥನೆ ಮಾಡಿದ್ರೆ ಎಂತ ಹೇಳುವುದು?"

ಅಮ್ಮಂದಿರೇ, ಇದನ್ನು ಇನ್ನೊಂದು ಸಲ ಓದಿ. ಮಗುವಿಗೆ ಬೈಯುವುದಿದ್ದರೆ ನೇರವಾಗಿ ಬೈಯಿರಿ. ದೇವರ ಕಡೆ ಮುಖ ಮಾಡಿ ಮಗುವಿಗೆ ಬೈದರೆ ಅದಕ್ಕೆ ಉತ್ತರ ಕೊಡುವ ದಾರಿಯೇ ಇರುವುದಿಲ್ಲ, ಪ್ರಾರ್ಥನೆ ಅಂದರೇ ಭಯ ಬರುತ್ತದೆ.

ಮುಂದಿನ ಸಲ ಬಂದಾಗ ನಿಜವಾದ ವಿಷಯ ಹೊರಬಂತು. ಅದು ಎರಡನೇ ಅಕೌಂಟ್‌ನಿಂದ ಶುರುವಾದದ್ದಲ್ಲ. ತಾಯಿ ಮೆಚ್ಚಿದ್ದ, ವಾಕ್ಯಗಳಿದ್ದ ಆ ಮೊದಲ ಅಕೌಂಟ್‌ಗೇ ಒಬ್ಬ ಬಂದಿದ್ದ. ಪ್ರೊಫೈಲ್‌ನಲ್ಲಿ ಶಿಲುಬೆ, ಗಿಟಾರ್ ಹಿಡಿದ ಫೋಟೋ, ಬೇರೆ ಊರಿನ ಯೂತ್ ಲೀಡರ್ ಅಂತ ಪರಿಚಯ. ಪ್ರತಿ ಹಾಡಿಗೂ "ಗಾಡ್ ಬ್ಲೆಸ್ ಯೂ ಸಿಸ್ಟರ್" ಅಂತ ಕಮೆಂಟ್. ಆಮೇಲೆ ಮೆಸೇಜ್. ನಿನಗೇನಾದರೂ ಪ್ರಾರ್ಥನಾ ವಿಷಯ ಇದ್ದರೆ ಕಳಿಸು, ನಾನು ರಾತ್ರಿ ಎದ್ದು ಪ್ರಾರ್ಥಿಸುತ್ತೇನೆ ಅಂದ. ಹುಡುಗಿ ಅಪ್ಪನ ನೆನಪು, ಅಮ್ಮನ ಡ್ಯೂಟಿ, ಗಣಿತದ ಭಯ ಎಲ್ಲ ಬರೆದಳು. ಅವನು ಅಣ್ಣನಾದ. ಆ ನಂಬಿಕೆಯಲ್ಲೇ ಎರಡನೇ ಅಕೌಂಟ್‌ಗೂ ಬಿಟ್ಟುಕೊಂಡಳು. ಅಮ್ಮನಿಗೆ ನೈಟ್ ಡ್ಯೂಟಿ ಇರುವ ದಿನ ಯಾವುದು ಅಂತ ಕೇಳಿಟ್ಟುಕೊಂಡ, ಆ ರಾತ್ರಿಗಳಲ್ಲೇ ಮೆಸೇಜ್ ಬರತೊಡಗಿತು. ಕೊನೆಗೆ ಫೋಟೋ ಕೇಳಿದ, ಕಳಿಸಬಾರದ ಫೋಟೋ. ಅವಳು ಕಳಿಸಲಿಲ್ಲ, ಬ್ಲಾಕ್ ಮಾಡಿದಳು. ಇನ್ನೊಂದು ಅಕೌಂಟ್‌ನಿಂದ ಬಂದ: ನಿನ್ನ ಡ್ಯಾನ್ಸ್ ವಿಡಿಯೋ ನಿಮ್ಮ ಪಾಸ್ಟರ್‌ಗೆ ಕಳಿಸುತ್ತೇನೆ.

ಇಷ್ಟೆಲ್ಲಾ ಆದದ್ದು ಆ ಭಾನುವಾರಕ್ಕಿಂತ ಮೊದಲು. ಹುಡುಗಿ ಮಮ್ಮಿಗೆ ಹೇಳುವುದಾ ಬೇಡವಾ ಅಂತ ಒದ್ದಾಡುತ್ತಿದ್ದ ಹೊತ್ತಿಗೆ ಸರಿಯಾಗಿ ವಿಡಿಯೋ ಸಿಕ್ಕಿಬಿದ್ದು ಆ ಪ್ರಾರ್ಥನೆಗಳು ಶುರುವಾದವು. ಬಾಯಿ ಮುಚ್ಚಿಹೋಯಿತು. ಅವನ ಕೈಯಲ್ಲಿದ್ದ ಆಯುಧವೇ ನಾಚಿಕೆ, ಮನೆಯಲ್ಲಿ ಪ್ರತಿದಿನ ಸಿಗುತ್ತಿದ್ದದ್ದೂ ಅದೇ ನಾಚಿಕೆ.

ಇದನ್ನು ತಾಯಿಗೆ ಮಗಳೇ ಹೇಳಿದಳು, ನಾನು ಜೊತೆಗಿದ್ದೆ. ತಾಯಿಗೆ ಮೊದಲೇ ಒಂದು ಮಾತು ಹೇಳಿದ್ದೆ, ಅವಳು ಮುಗಿಸುವವರೆಗೆ "ಯಾಕೆ" ಅನ್ನಬೇಡಿ ಅಂತ. ಅನ್ನಲಿಲ್ಲ. ಮಗಳ ಕೈ ಹಿಡಿದು ಕೂತರು, ಮುಗಿದ ಮೇಲೆ "ನೀನು ಫೋಟೋ ಕಳಿಸಿದ್ರೂ ನಾನು ನಿನ್ನ ಜೊತೆಗೇ ಇರ್ತಿದ್ದೆ" ಅಂದರು. ಆ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ.

ಮುಂದಿನ ಕೆಲಸಗಳನ್ನು ತಡಮಾಡದೆ ಮಾಡಿಸಿದೆ. ಚಾಟ್ ಏನನ್ನೂ ಡಿಲೀಟ್ ಮಾಡಬೇಡಿ ಅಂದೆ. ಸಿಟ್ಟಿನಲ್ಲಿ ಎಲ್ಲ ಅಳಿಸಿಬಿಡುವವರೇ ಜಾಸ್ತಿ, ಆಮೇಲೆ ತೋರಿಸುವುದಕ್ಕೆ ಏನೂ ಇರುವುದಿಲ್ಲ. ತಾರೀಕು, ಯೂಸರ್‌ನೇಮ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು, ಪ್ರೊಫೈಲ್ ಲಿಂಕ್ ಬರೆದಿಟ್ಟು, ರಿಪೋರ್ಟ್ ಮಾಡಿ, ಆಮೇಲೆ ಬ್ಲಾಕ್. ಲೈಂಗಿಕ ಉದ್ದೇಶದಿಂದ ಮಗುವನ್ನು ಮೆಸೇಜ್‌ಗಳಲ್ಲಿ ಪದೇಪದೇ ಬೆನ್ನುಹತ್ತುವುದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಲ್ಲಿ ಲೈಂಗಿಕ ಕಿರುಕುಳ, ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ನಾನೂ ಸೇರಿ. "ಸ್ಟೇಷನ್‌ಗೆ ಹೋದರೆ ಊರಿಗೆಲ್ಲಾ ಗೊತ್ತಾಗ್ತದೆ" ಅಂತ ಅಜ್ಜಿ ಹೆದರಿದರು. ಕಾನೂನು ಹಾಗಿಲ್ಲ. ಮಗುವಿನ ಹೇಳಿಕೆಯನ್ನು ಮನೆಗೇ ಬಂದು ತೆಗೆದುಕೊಳ್ಳಬಹುದು, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ ಬರಬೇಕು, ಯೂನಿಫಾರ್ಮ್ ಹಾಕಿರಬಾರದು, ಮಗುವಿನ ಗುರುತು ಹೊರಗೆ ಹೋಗಬಾರದು. ದೂರು ಕೊಟ್ಟರು. ಯಾರ ಹತ್ತಿರ ಹೋಗಬೇಕು ಅಂತಲೇ ತಿಳಿಯದವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು. ಮಗು ಊಟ, ನಿದ್ದೆ ಬಿಟ್ಟಿದ್ದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಇದೆ.

ಅವನಿಗೆ ಇವರ ಚರ್ಚ್ ಯಾವುದು ಅಂತ ಹೇಗೆ ಗೊತ್ತಾಯಿತು? ಮಗಳು ಹೇಳಿರಲಿಲ್ಲ. ತಾಯಿಯ ಫೇಸ್‌ಬುಕ್ ತೆಗೆದು ನೋಡಿದೆವು. ಮಗಳ ಹುಟ್ಟುಹಬ್ಬ, ಸ್ಕೂಲ್ ಯೂನಿಫಾರ್ಮ್‌ನ ಫೋಟೋ, ಚರ್ಚಿನ ಹೆಸರು ಹಾಕಿದ ಆಲ್ಬಂ, ಎಲ್ಲ ಪಬ್ಲಿಕ್. ತಾಯಿ ಅಲ್ಲೇ ಕೂತು ಒಂದೊಂದಾಗಿ ಮುಚ್ಚಿದರು. ಮಕ್ಕಳ ಫೋನ್‌ಗೆ ಕೈ ಹಾಕುವ ಮೊದಲು ನಿಮ್ಮ ಸ್ಟೇಟಸ್, ನಿಮ್ಮ ಆಲ್ಬಂ ಒಮ್ಮೆ ನೋಡಿಕೊಳ್ಳಿ ಅಂತ ನಾನು ಎಲ್ಲ ತಾಯಂದಿರಿಗೂ ಹೇಳುತ್ತೇನೆ.

"ದೇವರ ವಾಕ್ಯ ಹಾಕುವವನು ಹೀಗೆ ಮಾಡ್ತಾನೆ ಅಂತ ನಂಗೆ ಹೇಗೆ ಗೊತ್ತಾಗಬೇಕಿತ್ತು ಮೇಡಂ?" ತಾಯಿಗೆ ಇದೇ ದೊಡ್ಡ ಪೆಟ್ಟು. ನಾನು ಬೈಬಲ್‌ನಲ್ಲಿ ಲೂಕನ ಸುವಾರ್ತೆಯ 2ನೇ ಅಧ್ಯಾಯ ಓದಿ ಅಂದೆ. ಯೇಸುವಿಗೆ 12 ವರ್ಷ. ಪಸ್ಕ ಹಬ್ಬ ಮುಗಿಸಿ ಮರಿಯಳೂ ಯೋಸೇಫನೂ ಹೊರಟರು, ಮಗ ನಮ್ಮವರ ಗುಂಪಿನಲ್ಲೇ ಎಲ್ಲೋ ಇದ್ದಾನೆ ಅಂದುಕೊಂಡು ಒಂದು ದಿನದ ದಾರಿ ನಡೆದುಬಿಟ್ಟರು. ಸಂಡೇ ಸ್ಕೂಲಿನಲ್ಲಿ ಈ ಭಾಗವನ್ನು ಮಗುವಿನ ಜಾಣತನಕ್ಕೆ ಹೇಳುತ್ತಾರೆ, ತಾಯಂದಿರಿಗೆ ಅದರಲ್ಲಿ ಬೇರೆಯದೂ ಇದೆ. ನಮ್ಮವರ ನಡುವೆ ಇದ್ದಾನೆ ಅಂತ ನೆಮ್ಮದಿಯಾಗಿದ್ದರು, ಅವನು ಅಲ್ಲಿರಲಿಲ್ಲ. ಸಿಕ್ಕ ಮೇಲೆ ಮರಿಯಳು ಮಗನನ್ನೇ ಕೇಳಿದಳು, ತಮಗಾದ ಸಂಕಟವನ್ನೂ ಹೇಳಿದಳು. ಅವನು ಕೊಟ್ಟ ಉತ್ತರ ಅರ್ಥವಾಗಲಿಲ್ಲ, ಆದರೂ ಮನಸ್ಸಿನಲ್ಲಿಟ್ಟುಕೊಂಡಳು. ಹಾಗೆಯೇ ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯ. ತಂದೆತಾಯಿಗಳ ಮಾತು ಕೇಳಬೇಕು ಅನ್ನುವ ಮೊದಲ ವಚನ ಈ ಹುಡುಗಿಗೆ ಬಾಯಿಪಾಠ. ಮಕ್ಕಳನ್ನು ಕೆಣಕಿ ಸಿಟ್ಟೆಬ್ಬಿಸಬೇಡಿ ಅಂತ ದೊಡ್ಡವರಿಗೆ ಹೇಳುವ 4ನೇ ವಚನವನ್ನು ಮನೆಯಲ್ಲಿ ಯಾರೂ ಅವಳೆದುರು ಓದಿರಲಿಲ್ಲ.

ಇನ್ನು ಫೋನ್ ವಿಷಯ. ಅಕೌಂಟ್ ಮಾಡುವಾಗ ಹುಡುಗಿ ಹುಟ್ಟಿದ ವರ್ಷ ಸುಳ್ಳು ಹಾಕಿದ್ದಳು, ಎಲ್ಲ ಮಕ್ಕಳೂ ಮಾಡುವುದು ಅದನ್ನೇ. ಹಾಗಾಗಿ ಇನ್‌ಸ್ಟಾಗ್ರಾಮ್ ಅವಳನ್ನು ದೊಡ್ಡವಳು ಅಂತಲೇ ಲೆಕ್ಕ ಹಾಕಿತ್ತು. ಸರಿಯಾದ ವಯಸ್ಸು ಹಾಕಿದರೆ ಅದು ಟೀನ್ ಅಕೌಂಟ್ ಆಗುತ್ತದೆ, ಭಾರತಕ್ಕೆ 2025ರಲ್ಲಿ ಬಂತು. ಅಕೌಂಟ್ ತಾನಾಗಿಯೇ ಪ್ರೈವೇಟ್, ಗುರುತಿಲ್ಲದವರು ಮೆಸೇಜ್ ಮಾಡುವ ಹಾಗಿಲ್ಲ, ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ನೋಟಿಫಿಕೇಶನ್ ಬರುವುದಿಲ್ಲ, 16 ವರ್ಷದೊಳಗಿನವರು ಇದನ್ನು ಸಡಿಲಿಸಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ತಾಯಿಯ ಅಕೌಂಟ್ ಜೋಡಿಸಿಕೊಂಡರೆ ಕಳೆದ 7 ದಿನದಲ್ಲಿ ಮಗಳು ಯಾರ ಜೊತೆ ಮಾತಾಡಿದಳು ಅಂತ ಕಾಣುತ್ತದೆ, ಏನು ಮಾತಾಡಿದಳು ಅಂತ ಕಾಣುವುದಿಲ್ಲ. ನನ್ನ ಪ್ರಕಾರ 15 ವರ್ಷಕ್ಕೆ ಅಷ್ಟು ಸಾಕು. ರಾತ್ರಿ ಫೋನ್‌ಗಳೆಲ್ಲ ಹಾಲ್‌ನಲ್ಲಿ ಚಾರ್ಜ್‌ಗೆ, ಅಮ್ಮನದ್ದೂ ಅಲ್ಲೇ. ಅಮ್ಮ ಡ್ಯೂಟಿಗೆ ಹೋದ ದಿನ ಅಜ್ಜಿಯ ಜವಾಬ್ದಾರಿ. ಅಜ್ಜಿ ಇದನ್ನು ತುಂಬಾ ಕಟ್ಟುನಿಟ್ಟಾಗಿ ನಡೆಸುತ್ತಿದ್ದಾರೆ.

ಎರಡನೇ ಅಕೌಂಟ್ ಮುಚ್ಚಿಸಬೇಕು ಅಂತ ತಾಯಿ ಹಠ ಹಿಡಿದರು. ನಾನು ಒಪ್ಪಲಿಲ್ಲ. ಮುಚ್ಚಿಸಿದರೆ ಮೂರನೆಯದು ಹುಟ್ಟುತ್ತದೆ, ಅದು ನಿಮಗೆ ಗೊತ್ತೇ ಆಗುವುದಿಲ್ಲ. ಕೊನೆಗೆ ಹೀಗೆ ತೀರ್ಮಾನವಾಯಿತು: ಮುಖಾಮುಖಿ ಗೊತ್ತಿರುವವರು ಮಾತ್ರ ಅದರಲ್ಲಿರಬೇಕು, ಅಮ್ಮ ಅದರೊಳಗೆ ಬರುವುದಿಲ್ಲ, ಆದರೆ ಅವಳ ಗಾಡ್‌ಮದರ್ ಇರುತ್ತಾರೆ. ದೀಕ್ಷಾಸ್ನಾನದ ದಿನ ಮಗುವಿನ ಪರವಾಗಿ ಮಾತು ಕೊಟ್ಟವರು ಅವರು, ಹುಡುಗಿಗೂ ಅವರೆಂದರೆ ಇಷ್ಟ. ಸಿನಿಮಾ ಹಾಡಿಗೆ ಕುಣಿಯುವುದು ಸರಿಯಾ ತಪ್ಪಾ ಅನ್ನುವುದನ್ನು ನಾನು ತೀರ್ಮಾನಿಸಲಿಲ್ಲ. ಅದು ಆ ಮನೆಯ ನಂಬಿಕೆ, ನಿಯಮ ಮಾಡುವ ಹಕ್ಕು ತಾಯಿಗಿದೆ. ನಮ್ಮ ಮನೆಯಲ್ಲಿ ಇದು ಬೇಡ ಅನ್ನಿ, ಕಾರಣ ಹೇಳಿ, ನೀನು ಕೆಟ್ಟವಳು ಅನ್ನಬೇಡಿ ಅಂದೆ ಅಷ್ಟೇ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ 40 ದಿನ ಫೋನ್ ಉಪವಾಸ ಮಾಡಿಸಲಾ ಅಂದರು. ಮನೆಯವರೆಲ್ಲ ಮಾಡುವುದಾದರೆ, ಅವಳೇ ಒಪ್ಪಿದರೆ ಮಾಡಿ, ಶಿಕ್ಷೆಯಾಗಿ ಬೇಡ ಅಂದೆ.

ಕುಟುಂಬ ಪ್ರಾರ್ಥನೆ ಈಗ ಸರದಿಯ ಮೇಲೆ ನಡೆಯುತ್ತದೆ. ಯಾರ ತಪ್ಪನ್ನೂ ಅಲ್ಲಿ ಹೇಳುವ ಹಾಗಿಲ್ಲ. ತನ್ನ ಸರದಿ ಬಂದಾಗ ಹುಡುಗಿ ಮೊದಮೊದಲು ಎಲ್ಲರಿಗೂ ಬಾಯಿಪಾಠವಿರುವ ಕರ್ತನ ಪ್ರಾರ್ಥನೆ ಮಾತ್ರ ಹೇಳಿ ಮುಗಿಸುತ್ತಿದ್ದಳು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ.

ವಿಡಿಯೋ ತೋರಿಸಿದ ಆ ಹೆಂಗಸಿಗೂ ತಾಯಿ ಮೆಸೇಜ್ ಮಾಡಿದರು: ಅದು 15 ವರ್ಷದ ಮಗುವಿನ ವಿಡಿಯೋ, ದಯವಿಟ್ಟು ಅಳಿಸಿ, ಯಾರಿಗೆ ಕಳಿಸಿದ್ದೀರೋ ಅವರಿಗೂ ಹೇಳಿ. ಅದನ್ನು ಬರೆಯುವುದಕ್ಕೆ ತಾಯಿಗೆ ದೂರು ಕೊಡುವುದಕ್ಕಿಂತ ಜಾಸ್ತಿ ಧೈರ್ಯ ಬೇಕಾಯಿತು. ಪಾಸ್ಟರ್ ಹತ್ತಿರವೂ ಮಾತಾಡಿದರು. ಈಗ ಅವರ ಸಭೆಯ ಯೂತ್ ಗ್ರೂಪ್‌ನಲ್ಲಿ ದೊಡ್ಡವರು ಯಾರೂ ಮಕ್ಕಳಿಗೆ ಒಬ್ಬೊಬ್ಬರಿಗೇ ಮೆಸೇಜ್ ಮಾಡುವ ಹಾಗಿಲ್ಲ, ಏನಿದ್ದರೂ ಗ್ರೂಪ್‌ನಲ್ಲಿ, ಇಲ್ಲವೇ ಅಪ್ಪ ಅಮ್ಮನಿಗೆ. ಎಲ್ಲ ಸಭೆಗಳಲ್ಲೂ ಇದು ಆಗಬೇಕು.

ದೂರಿನ ತನಿಖೆ ಇನ್ನೂ ನಡೆಯುತ್ತಿದೆ. ಹುಡುಗಿ ಕ್ವಾಯರ್‌ಗೆ ವಾಪಸ್ ಹೋಗಿದ್ದಾಳೆ. ಈಗ ಮನೆಯಲ್ಲಿ ಜಗಳ ಸ್ನ್ಯಾಪ್‌ಚಾಟ್‌ದು. ಪಿಯುಸಿಗೆ ಸೇರಿದ ಮೇಲೆ ಬೇಕು ಅನ್ನುತ್ತಾಳೆ ಮಗಳು, ಡಿಗ್ರಿಗೆ ಹೋಗುವವರೆಗೆ ಇಲ್ಲ ಅನ್ನುತ್ತಾರೆ ತಾಯಿ. ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಜಗಳ ಆಡುತ್ತಿದ್ದಾರೆ, ನಾನು ನಡುವೆ ಬಾಯಿ ಹಾಕಲಿಲ್ಲ.